ದೇಶ ದೇಶಗಳ ಸ್ನೇಹ, ಹಗೆ ಮತ್ತು ಮೂರನೆಯವರ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಿನ್ನೆ ಕೈಕುಲುಕಿದ ದೇಶ ಇಂದು ಗಡಿಗೆ ಸೈನ್ಯ ಕಳಿಸುತ್ತದೆ. ತಲೆಮಾರುಗಳ ಕಾಲ ಕಾದಾಡಿದವರು ಒಂದೇ ಮೇಜಿಗೆ ಕೂತು ಸಹಿ ಹಾಕುತ್ತಾರೆ. ಇದನ್ನು ನಂಬಿಕೆದ್ರೋಹ, ಅವಕಾಶವಾದ ಎಂದು ಬಯ್ದು ಸುಮ್ಮನಾಗುವವರೇ ಹೆಚ್ಚು. ಬಯ್ಯುವುದಕ್ಕೆ ಮೊದಲು ಮೂರನೆಯ ದೇಶ ಯಾವುದೆಂದು ಹುಡುಕಿ ನೋಡಿ ಎಂಬುದು ನನ್ನ ಕೋರಿಕೆ. ಇಬ್ಬರ ಸಂಬಂಧ ಕೆಟ್ಟದ್ದಕ್ಕೋ ಕೂಡಿದ್ದಕ್ಕೋ ಕಾರಣ ಬಹಳ ಸಲ ಅಲ್ಲಿ ಸಿಗುತ್ತದೆ. ಈ ವಿಷಯದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ದೇಶಗಳ ಸಂಬಂಧವನ್ನು ‘ಜಾಲ’ ಎನ್ನುವುದೇಕೆ?

ವಿಶ್ವಸಂಸ್ಥೆಯಲ್ಲಿ 193 ಸದಸ್ಯ ರಾಷ್ಟ್ರಗಳಿವೆ. ಎರಡೆರಡರಂತೆ ಜೋಡಿಸಿದರೆ 18,528 ಜೋಡಿ. ಮೂರು ಮೂರರಂತೆ ಹಿಡಿದರೆ 11,79,616 ತ್ರಿಕೋನಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಯಾವ ಮಹತ್ವವೂ ಇಲ್ಲ, ನಿಜ. ಬೊಲಿವಿಯಾಕ್ಕೂ ಭೂತಾನಕ್ಕೂ ಸ್ನೇಹ ಬೆಳೆಸಲು ಕಾರಣವಿಲ್ಲ, ಜಗಳಕ್ಕೂ ಇಲ್ಲ. ಆದರೆ ಒಂದೇ ಒಂದು ಜೋಡಿಯ ಸಂಬಂಧ ಸ್ನೇಹದಿಂದ ಹಗೆಗೆ ತಿರುಗಿದರೆ, ಆ ಜೋಡಿ ಸೇರಿರುವ 191 ತ್ರಿಕೋನಗಳೂ ಒಟ್ಟಿಗೆ ಬದಲಾಗುತ್ತವೆ. ಜಾಲ ಎನ್ನುವುದು ಇದಕ್ಕೆ. ಒಂದು ಎಳೆ ಎಳೆದರೆ ದೂರದಲ್ಲೆಲ್ಲೋ ಇನ್ನೊಂದು ಬಿಗಿಯಾಗುತ್ತದೆ.

‘ಮೂವರ ಲೆಕ್ಕ’ ಏನು?

ಅ, ಬ, ಕ ಎಂಬ ಮೂರು ದೇಶಗಳಿವೆ ಎನ್ನಿ. ಅವುಗಳ ಸಂಬಂಧ ನಾಲ್ಕು ಬಗೆಯಲ್ಲಿರಲು ಸಾಧ್ಯ.

ಮೂವರೂ ಮಿತ್ರರು: ಇದು ನಿಲ್ಲುತ್ತದೆ. ಇಬ್ಬರು ಮಿತ್ರರು, ಇಬ್ಬರಿಗೂ ಮೂರನೆಯವನು ವೈರಿ: ಇದೂ ನಿಲ್ಲುತ್ತದೆ, ಕೆಲವೊಮ್ಮೆ ಎಲ್ಲಕ್ಕಿಂತ ಗಟ್ಟಿಯಾಗಿ. ಇನ್ನು ಅ ಎಂಬುವನಿಗೆ ಬ, ಕ ಇಬ್ಬರೂ ಮಿತ್ರರಾಗಿದ್ದು ಅವರಿಬ್ಬರೇ ಬದ್ಧವೈರಿಗಳಾದರೆ ಅ ಇಕ್ಕಟ್ಟಿಗೆ ಸಿಲುಕುತ್ತಾನೆ. ರಾಜಿ ಮಾಡಿಸಬೇಕು, ಇಲ್ಲವೇ ಒಬ್ಬನನ್ನು ಬಿಡಬೇಕು. ನಾಲ್ಕನೆಯದು ಮೂವರೂ ಪರಸ್ಪರ ವೈರಿಗಳಾಗಿರುವ ಸ್ಥಿತಿ. ಅಲ್ಲಿ ಯಾರಾದರೂ ಇಬ್ಬರಿಗೆ ‘ನಾವು ಕೂಡಿದರೆ ಅವನನ್ನು ಮುಗಿಸಬಹುದಲ್ಲ’ ಎಂದು ಅನ್ನಿಸದೆ ಇರುವುದಿಲ್ಲ.

ಮೊದಲೆರಡನ್ನು ಸಮತೋಲನದ ತ್ರಿಕೋನಗಳೆಂದೂ ಕೊನೆಯೆರಡನ್ನು ಅಸಮತೋಲನದವೆಂದೂ ಕರೆಯುತ್ತಾರೆ. ಆಸ್ಟ್ರಿಯಾ ಮೂಲದ ಮನಃಶಾಸ್ತ್ರಜ್ಞ ಫ್ರಿಟ್ಸ್ ಹೈಡರ್ 1946ರಲ್ಲಿ ಈ ವಿಚಾರ ಮುಂದಿಟ್ಟಾಗ ಅವರ ಗಮನ ಮನುಷ್ಯರ ಮೇಲಿತ್ತು. 1956ರಲ್ಲಿ ಗಣಿತಜ್ಞ ಫ್ರಾಂಕ್ ಹರಾರಿ ಮತ್ತು ಮನಃಶಾಸ್ತ್ರಜ್ಞ ಡಾರ್ವಿನ್ ಕಾರ್ಟ್‌ರೈಟ್ ಅದನ್ನು ಗಣಿತದ ಭಾಷೆಗೆ ತಂದರು. ಮುಂದೆ ಹರಾರಿಯವರೇ 1956ರ ಸೂಯೆಜ್ ಕಾಲುವೆ ಬಿಕ್ಕಟ್ಟಿನ ಮಧ್ಯಪ್ರಾಚ್ಯಕ್ಕೆ ಈ ಲೆಕ್ಕ ಹಾಕಿ ನೋಡಿದರು.

ಎಲ್ಲ ತ್ರಿಕೋನಗಳೂ ಸಮತೋಲನಕ್ಕೆ ಬಂದರೆ ಏನಾಗುತ್ತದೆ?

ಪ್ರತಿಯೊಬ್ಬರಿಗೂ ಪ್ರತಿಯೊಬ್ಬರೊಡನೆ ಸ್ನೇಹವೋ ಹಗೆಯೋ ಇದ್ದೇ ಇದೆ ಎಂದಿಟ್ಟುಕೊಂಡರೆ, ಕೊನೆಗೆ ಉಳಿಯುವುದು ಎರಡೇ ದಾರಿ. ಎಲ್ಲರೂ ಮಿತ್ರರಾಗಿರಬೇಕು, ಅಥವಾ ಇಡೀ ಜಗತ್ತು ಎರಡು ಬಣಗಳಾಗಿ ಒಡೆದಿರಬೇಕು: ಒಳಗೆಲ್ಲ ಸ್ನೇಹ, ಆಚೆಯವರ ಮೇಲೆಲ್ಲ ಹಗೆ. ಇದು ಹರಾರಿಯವರು ಸಾಧಿಸಿ ತೋರಿಸಿದ ಫಲಿತಾಂಶ. 1967ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಡೇವಿಸ್ ಇದನ್ನು ಸ್ವಲ್ಪ ಸಡಿಲಿಸಿದರು. ಮೂವರೂ ವೈರಿಗಳಾಗಿರುವ ತ್ರಿಕೋನವೂ ಉಳಿಯಬಲ್ಲದು ಎಂದು ಒಪ್ಪಿದರೆ ಮೂರು, ನಾಲ್ಕು, ಹೆಚ್ಚು ಬಣಗಳೂ ಇರಬಹುದು.

ಕೌಟಿಲ್ಯ ಇದನ್ನೆಲ್ಲ ಮೊದಲೇ ಹೇಳಿದ್ದನಲ್ಲವೇ?

ಹೌದು, ಒಂದು ಮಟ್ಟಿಗೆ. ಅರ್ಥಶಾಸ್ತ್ರದ ಮಂಡಲ ಸಿದ್ಧಾಂತದಲ್ಲಿ ಗೆಲ್ಲಬಯಸುವ ರಾಜ ನಡುವಿರುತ್ತಾನೆ. ಗಡಿಗೆ ತಾಗಿದವನು ಅರಿ, ಅವನ ಆಚೆಯವನು ಮಿತ್ರ, ನಂತರ ಅರಿಮಿತ್ರ, ಮಿತ್ರಮಿತ್ರ, ಅರಿಮಿತ್ರಮಿತ್ರ. ಬೆನ್ನ ಹಿಂದೆ ಪಾರ್ಷ್ಣಿಗ್ರಾಹ ಎಂಬ ವೈರಿ, ಅವನ ಹಿಂದೆ ಆಕ್ರಂದ ಎಂಬ ಮಿತ್ರ. ಇವರಲ್ಲದೆ ಮಧ್ಯಮ ಮತ್ತು ಉದಾಸೀನ ಎಂಬ ಇನ್ನಿಬ್ಬರು. ಶತ್ರುವಿನ ಶತ್ರುವನ್ನು ಮಿತ್ರನ ಜಾಗದಲ್ಲಿ ಕೂರಿಸುವ ಯೋಚನೆ ಇಲ್ಲಿ ಸ್ಪಷ್ಟವಾಗಿದೆ.

ವ್ಯತ್ಯಾಸವೂ ಇದೆ. ಕೌಟಿಲ್ಯನ ನಕ್ಷೆ ಒಬ್ಬ ರಾಜನ ಕಣ್ಣಿನಿಂದ ಕಾಣುವ ಜಗತ್ತು, ಗಡಿಯೇ ಅದರ ಆಧಾರ. ಹೈಡರ್, ಹರಾರಿ ಅವರ ಲೆಕ್ಕದಲ್ಲಿ ನಡುವೆ ಯಾರೂ ಇಲ್ಲ, ಗಡಿಯೂ ಇಲ್ಲ. ನನಗೆ ಕೌಟಿಲ್ಯನಲ್ಲಿ ಬಹಳ ಇಷ್ಟವಾಗುವುದು ಉದಾಸೀನ ಎಂಬ ಸ್ಥಾನ. ಯಾವ ಬಣಕ್ಕೂ ಸೇರದೆ ಯಾವ ಬಣದ ಗೆಲುವನ್ನಾದರೂ ತೀರ್ಮಾನಿಸಬಲ್ಲ ಬಲಾಢ್ಯನ ಸ್ಥಾನ ಅದು. ಸ್ನೇಹ ಮತ್ತು ಹಗೆ ಎಂಬ ಎರಡೇ ಬಣ್ಣದ ಗಣಿತಕ್ಕೆ ಅವನು ಸುಲಭವಾಗಿ ಸಿಗುವುದಿಲ್ಲ.

ನಮ್ಮ ನೆಲದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆಯೇ?

ಹೈದರ್ ಮತ್ತು ಟಿಪ್ಪುವಿನ ಮೈಸೂರಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಆಟದಲ್ಲಿದ್ದವರು ನಾಲ್ವರು: ಮೈಸೂರು, ಪುಣೆಯ ಮರಾಠರು, ಹೈದರಾಬಾದಿನ ನಿಜಾಮ, ಈಸ್ಟ್ ಇಂಡಿಯಾ ಕಂಪನಿ. ಆರು ಜೋಡಿ, ನಾಲ್ಕು ತ್ರಿಕೋನ. 1766ರಿಂದ 1799ರವರೆಗಿನ 33 ವರ್ಷಗಳಲ್ಲಿ ಈ ಆರು ಜೋಡಿಗಳಲ್ಲಿ ಒಂದೂ ಮೊದಲಿದ್ದಂತೆಯೇ ಕೊನೆವರೆಗೆ ಉಳಿಯಲಿಲ್ಲ.

1766ರ ಕೊನೆಗೆ ನಿಜಾಮ ಕಂಪನಿಯೊಡನೆ ಕೈಜೋಡಿಸಿದ. ಮರಾಠರು ಉತ್ತರದಿಂದ ಮೈಸೂರಿನೊಳಗೆ ನುಗ್ಗಿದರು. ಹೈದರ್ ಮೂರು ಕಡೆಯಿಂದ ಸುತ್ತುವರಿದಿದ್ದ. ಅವನು ಮಾಡಿದ ಮೊದಲ ಕೆಲಸ ಯುದ್ಧವಲ್ಲ. ಪೇಶ್ವೆ ಮಾಧವರಾಯನಿಗೆ ಹಣ ಕೊಟ್ಟು ಮರಾಠರನ್ನು ಹಿಂದಕ್ಕೆ ಕಳಿಸಿದ. ನಂತರ ನಿಜಾಮನನ್ನೇ ತನ್ನ ಕಡೆಗೆ ಎಳೆದುಕೊಂಡ. ಇಂಗ್ಲಿಷರ ಜೊತೆ ಮೈಸೂರಿನ ಮೇಲೆ ಬಂದಿದ್ದ ನಿಜಾಮನ ಸೈನ್ಯ 1767ರ ಸೆಪ್ಟೆಂಬರಿನಲ್ಲಿ ಚೆಂಗಂ, ತಿರುವಣ್ಣಾಮಲೈಗಳಲ್ಲಿ ಇಂಗ್ಲಿಷರ ವಿರುದ್ಧವೇ ನಿಂತಿತ್ತು. ಅಲ್ಲಿ ಸೋತದ್ದೇ ತಡ, 1768ರ ಆರಂಭದಲ್ಲಿ ನಿಜಾಮ ಮತ್ತೆ ಕಂಪನಿಯ ಕಡೆ ಸೇರಿದ. ಆದರೂ ಹೈದರ್ ಮದರಾಸಿನ ಬಾಗಿಲಿಗೆ ಹೋಗಿ ನಿಂತು 1769ರಲ್ಲಿ ಕಂಪನಿಯಿಂದ ಒಪ್ಪಂದ ಬರೆಸಿಕೊಂಡ. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂಬುದು ಅದರ ತಿರುಳು.

ಈ ಮಾತು ಎರಡು ವರ್ಷವೂ ಉಳಿಯಲಿಲ್ಲ. ಮರಾಠರು ಮತ್ತೆ ಬಂದರು. 1771ರಲ್ಲಿ ಮೇಲುಕೋಟೆಯ ಹತ್ತಿರದ ಚಿನಕುರಳಿಯಲ್ಲಿ ಹೈದರ್ ಭಾರಿ ಸೋಲುಂಡ. ಕಂಪನಿ ಬರಲಿಲ್ಲ. ಇಲ್ಲಿ ಮೂವರ ಲೆಕ್ಕ ನೋಡಿ: ಕಂಪನಿಗೆ ಕಾಗದದ ಮೇಲೆ ಮೈಸೂರು ಮಿತ್ರ, ಮರಾಠರ ಜೊತೆ ಅದಕ್ಕೆ ಆಗ ಜಗಳವಿಲ್ಲ, ಆ ಇಬ್ಬರೋ ಕಡುವೈರಿಗಳು. ಕಂಪನಿ ಸುಮ್ಮನೆ ಕೂತಿತು. ಹಾಗೆ ಕೂತದ್ದರಿಂದಲೇ ಮೈಸೂರಿನ ಸ್ನೇಹ ಮುರಿಯಿತು. ಹೈದರ್ ಅದನ್ನು ಕೊನೆವರೆಗೆ ಮರೆಯಲಿಲ್ಲ.

1775ರಿಂದ ಕಂಪನಿ ಪೇಶ್ವೆಯ ಮನೆಜಗಳದಲ್ಲಿ ತಲೆಹಾಕಿ ಪೇಶ್ವೆ ಪಟ್ಟಕ್ಕೆ ಹವಣಿಸುತ್ತಿದ್ದ ರಘುನಾಥರಾಯನ ಪರ ನಿಂತು ಮರಾಠರ ಹಗೆ ಕಟ್ಟಿಕೊಂಡಿತು. ಗುಂಟೂರನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು ನಿಜಾಮನನ್ನು ಕೆರಳಿಸಿತು. 1779ರಲ್ಲಿ ಫ್ರೆಂಚರ ಮಾಹೆಯನ್ನು ವಶಪಡಿಸಿಕೊಂಡಿತು. ಆ ಬಂದರಿನ ಮೂಲಕವೇ ಮೈಸೂರಿಗೆ ಮದ್ದುಗುಂಡು ಬರುತ್ತಿದ್ದದ್ದು. ಹತ್ತು ವರ್ಷದ ಹಿಂದೆ ಒಬ್ಬರ ಗಂಟಲಿಗೊಬ್ಬರು ಕೈಹಾಕುತ್ತಿದ್ದ ಮೈಸೂರು, ಮರಾಠರು, ನಿಜಾಮ ಮೂವರೂ 1780ರಲ್ಲಿ ಒಂದಾದರು. ಆ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನುಚ್ಚುನೂರಾಯಿತು. ಕಂಪನಿ ಇಷ್ಟು ಒಂಟಿಯಾದ ಗಳಿಗೆ ದಕ್ಷಿಣ ಭಾರತದಲ್ಲಿ ಇನ್ನೊಂದಿಲ್ಲ.

ಕಂಪನಿಯ ಗವರ್ನರ್ ಜನರಲ್ ವಾರೆನ್ ಹೇಸ್ಟಿಂಗ್ಸ್ ಇದಕ್ಕೆ ಕೊಟ್ಟ ಉತ್ತರವನ್ನು ರಾಜತಂತ್ರದ ವಿದ್ಯಾರ್ಥಿಗಳು ಚೆನ್ನಾಗಿ ಓದಬೇಕು. ಗುಂಟೂರನ್ನು ಹಿಂದಿರುಗಿಸಿ ನಿಜಾಮನನ್ನು ಸುಮ್ಮನಾಗಿಸಿದ. 1782ರ ಮೇ ತಿಂಗಳ ಸಾಲ್ಬಾಯಿ ಒಪ್ಪಂದದಿಂದ ಮರಾಠರ ಜೊತೆ ಶಾಂತಿ ಮಾಡಿಕೊಂಡ. ಅದೇ ವರ್ಷ ಡಿಸೆಂಬರ್ 7ರಂದು ಹೈದರ್ ತೀರಿಕೊಂಡಾಗ ಟಿಪ್ಪುವಿಗೆ ಉಳಿದಿದ್ದವರು ಫ್ರೆಂಚರು ಮಾತ್ರ. 1783ರಲ್ಲಿ ಯೂರೋಪಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ರಾಜಿಯಾದ ಸುದ್ದಿ ಬಂತು. ಮಂಗಳೂರು ಕೋಟೆಯ ಮುತ್ತಿಗೆಯಲ್ಲಿ ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ಪಡೆ ಆಯುಧ ಕೆಳಗಿಟ್ಟಿತು. ದೂರದ ಯೂರೋಪಿನಲ್ಲಿ ಆದ ರಾಜಿ ಮಂಗಳೂರಿನ ಕೋಟೆಗೋಡೆಯ ಮುಂದೆ ಫಲ ಕೊಟ್ಟಿತು. ಜಾಲ ಎಂದರೆ ಏನೆಂದು ಕೇಳುವವರಿಗೆ ನಾನು ಮೊದಲು ಹೇಳುವ ಪ್ರಸಂಗ ಇದೇ.

ಟಿಪ್ಪುವಿಗೆ ಮಿತ್ರರು ಯಾಕೆ ಸಿಗಲಿಲ್ಲ? ಅವನು ಹುಡುಕಲಿಲ್ಲವೇ?

ಅವನಷ್ಟು ದೂರ ಹೋಗಿ ಹುಡುಕಿದ ದೊರೆ ಆ ಕಾಲದ ಭಾರತದಲ್ಲಿ ಇನ್ನೊಬ್ಬನಿಲ್ಲ. ಇಸ್ತಾಂಬುಲ್‌ನ ಆಟೊಮನ್ ಸುಲ್ತಾನನಲ್ಲಿಗೆ ರಾಯಭಾರಿಗಳು ಹೋದರು. 1788ರಲ್ಲಿ ಹದಿನಾರನೆಯ ಲೂಯಿ ದೊರೆಯ ಆಸ್ಥಾನಕ್ಕೆ ಇನ್ನೊಂದು ತಂಡ ಹೋಯಿತು. ಅಲ್ಲಿ ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. ಮರುವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿ. ಆಫ್ಘಾನಿಸ್ತಾನದ ಜಮಾನ್ ಷಾಗೂ ಪತ್ರ ಹೋಯಿತು. 1798ರಲ್ಲಿ ಮಾರಿಷಸ್‌ನಿಂದ ಮಂಗಳೂರಿಗೆ ಬಂದಿಳಿದ ಫ್ರೆಂಚ್ ನೆರವು ಸುಮಾರು ನೂರು ಜನ. ಆ ನೂರು ಜನ ಯುದ್ಧಕ್ಕೆ ಒದಗುವ ಬದಲು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧ ಹೂಡಲು ನೆಪವಾದರು.

ತೊಂದರೆ ಇದ್ದದ್ದು ಪಕ್ಕದಲ್ಲೇ. 1786–87ರಲ್ಲಿ ಮರಾಠರು ಮತ್ತು ನಿಜಾಮ ಕೂಡಿ ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದಿದ್ದರು. ಗಜೇಂದ್ರಗಡದ ಒಪ್ಪಂದದಿಂದ ಅದು ನಿಂತಿತೇ ಹೊರತು ಹಗೆ ಆರಲಿಲ್ಲ. ಕೃಷ್ಣಾ–ತುಂಗಭದ್ರಾ ನಡುವಿನ ನೆಲದ ಮೇಲೆ ಮೂವರಿಗೂ ಕಣ್ಣು. 1789ರ ಡಿಸೆಂಬರಿನಲ್ಲಿ ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿದಾಗ, ತಿರುವಾಂಕೂರು ಕಂಪನಿಯ ಮಿತ್ರನಾಗಿದ್ದ ಕಾರಣ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಎದ್ದು ನಿಂತ. 1790ರಲ್ಲಿ ಕಂಪನಿ, ಮರಾಠರು, ನಿಜಾಮ ಮೂವರ ಕೂಟ ಸಿದ್ಧವಾಯಿತು. 1780ರ ಚಿತ್ರ ಹತ್ತೇ ವರ್ಷದಲ್ಲಿ ಪೂರ್ತಿ ತಿರುಗಿ, ಕಂಪನಿ ಒಂಟಿಯಾಗಿ ನಿಂತಿದ್ದ ಜಾಗದಲ್ಲಿ ಈಗ ಮೈಸೂರು ನಿಂತಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3.30 ಕೋಟಿ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾಳಾಗಿ ಹೋದರು.

ಮರಾಠರಿಗೂ ನಿಜಾಮನಿಗೂ ಇದರಿಂದ ಸಿಕ್ಕಿದ್ದೇನು? 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನೇ ಸೋಲಿಸಿದರು, ಕಂಪನಿ ತಟಸ್ಥವಾಗಿ ನೋಡುತ್ತಿತ್ತು. 1798ರಲ್ಲಿ ನಿಜಾಮ ಸಹಾಯಕ ಸೈನ್ಯ ಪದ್ಧತಿಗೆ ಸಹಿ ಹಾಕಿ ಸ್ವಂತ ರಾಜತಂತ್ರವನ್ನೇ ಕಳೆದುಕೊಂಡ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ನಾಲ್ಕೇ ವರ್ಷದಲ್ಲಿ, 1803ರಲ್ಲಿ, ಅಸ್ಸಾಯೆಯಲ್ಲಿ ಕಂಪನಿಯ ಕೈಯಲ್ಲಿ ಸೋಲುವ ಸರದಿ ಮರಾಠರಿಗೆ ಬಂತು. ಟಿಪ್ಪುವಿನ ಆಡಳಿತ, ಧರ್ಮ, ವ್ಯಕ್ತಿತ್ವದ ಬಗ್ಗೆ ನಮ್ಮಲ್ಲಿ ಎಷ್ಟು ಜಗಳವಾಡುತ್ತೇವೋ ಅದರ ಹತ್ತನೇ ಒಂದು ಭಾಗವನ್ನಾದರೂ ಈ ಮೂವರು ನೆರೆಯವರು ಒಂದಾಗದೆ ಹೋದ ಕಥೆಗೆ ಕೊಟ್ಟಿದ್ದರೆ ಒಳ್ಳೆಯದಿತ್ತು.

ರಕ್ಕಸ–ತಂಗಡಿಯ ಯುದ್ಧವೂ ಇದೇ ಬಗೆಯದೇ?

ಬಹುಮಟ್ಟಿಗೆ. ವಿಜಯನಗರದ ರಾಮರಾಯ ಬಿಜಾಪುರ, ಅಹ್ಮದನಗರ, ಗೋಲ್ಕೊಂಡಗಳ ಜಗಳದಲ್ಲಿ ಒಮ್ಮೆ ಒಬ್ಬರ, ಇನ್ನೊಮ್ಮೆ ಮತ್ತೊಬ್ಬರ ಪರ ನಿಲ್ಲುತ್ತ ಎಲ್ಲರಿಗಿಂತ ಮೇಲಾಗಿದ್ದ. ಬಿಜಾಪುರದ ಅಲಿ ಆದಿಲ್ ಷಾ ಅವನೊಡನೆ ಸೇರಿ ಅಹ್ಮದನಗರದ ಮೇಲೆ ದಂಡೆತ್ತಿ ಹೋದದ್ದೂ ಉಂಟು. ಸುಲ್ತಾನರು ತಮ್ಮ ತಮ್ಮಲ್ಲಿ ವೈರಿಗಳಾಗಿರುವವರೆಗೆ ಮಾತ್ರ ಈ ಆಟ ನಡೆಯುತ್ತದೆ. ಅಹ್ಮದನಗರದ ಹುಸೇನ್ ನಿಜಾಮ್ ಷಾ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟು, ಜಗಳದ ಮೂಲವಾಗಿದ್ದ ಸೋಲಾಪುರದ ಕೋಟೆಯನ್ನು ಬಳುವಳಿಯಾಗಿ ಬಿಟ್ಟುಕೊಟ್ಟ. ಅಲಿಯ ತಂಗಿ ಅಹ್ಮದನಗರದ ಸೊಸೆಯಾದಳು. 1565ರ ಜನವರಿಯಲ್ಲಿ ರಾಮರಾಯನ ಎದುರು ನಿಂತದ್ದು ಆ ಮದುವೆಗಳ ಸುತ್ತ ಕಟ್ಟಿದ ಕೂಟ. ಇದನ್ನು ಬರಿಯ ಧರ್ಮಯುದ್ಧವೆಂದು ಹೇಳುವವರು ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳ ಒಪ್ಪಂದಗಳನ್ನು ಓದಬೇಕು.

ವಿದ್ವಾಂಸರು ಮೊದಲ ಮಹಾಯುದ್ಧದ ಯೂರೋಪನ್ನೇ ಯಾಕೆ ಉದಾಹರಿಸುತ್ತಾರೆ?

ಅಲ್ಲಿ ಆರು ದೊಡ್ಡ ಶಕ್ತಿಗಳಿದ್ದವು: ಬ್ರಿಟನ್, ಫ್ರಾನ್ಸ್, ರಷ್ಯಾ, ಜರ್ಮನಿ, ಆಸ್ಟ್ರಿಯಾ–ಹಂಗೇರಿ, ಇಟಲಿ. ಹದಿನೈದು ಜೋಡಿ, ಇಪ್ಪತ್ತು ತ್ರಿಕೋನ. ಮೂವತ್ತೈದು ವರ್ಷಗಳಲ್ಲಿ ಅವು ಒಂದೊಂದಾಗಿ ಸಮತೋಲನಕ್ಕೆ ಬರುವುದನ್ನು ವರ್ಷವಾರು ಹಿಡಿದು ತೋರಿಸಬಹುದು.

1871ರಲ್ಲಿ ಜರ್ಮನಿ ಫ್ರಾನ್ಸಿನಿಂದ ಅಲ್ಸಾಸ್–ಲೊರೇನ್ ಕಿತ್ತುಕೊಂಡಿತು. ಆ ಹಗೆ ಸದ್ಯಕ್ಕೆ ಆರುವಂಥದ್ದಲ್ಲ ಎಂದು ಜರ್ಮನಿಯ ಚಾನ್ಸೆಲರ್ (ಪ್ರಧಾನಿ) ಬಿಸ್ಮಾರ್ಕ್‌ಗೆ ಗೊತ್ತಿತ್ತು. ಹಾಗಾಗಿ ಫ್ರಾನ್ಸಿಗೆ ಯಾರೂ ಮಿತ್ರರಾಗದಂತೆ ನೋಡಿಕೊಳ್ಳುವುದೇ ಅವನ ಕೆಲಸವಾಯಿತು. 1873ರಲ್ಲಿ ಜರ್ಮನಿ, ಆಸ್ಟ್ರಿಯಾ, ರಷ್ಯಾಗಳ ಮೂರು ಚಕ್ರವರ್ತಿಗಳ ಕೂಟ. ಆದರೆ ಬಾಲ್ಕನ್ ನೆಲದ ವಿಷಯದಲ್ಲಿ ರಷ್ಯಾಕ್ಕೂ ಆಸ್ಟ್ರಿಯಾಕ್ಕೂ ಆಗುತ್ತಿರಲಿಲ್ಲ. ಜರ್ಮನಿಯದು ಇಬ್ಬರು ವೈರಿಗಳ ನಡುವೆ ಸಿಕ್ಕಿದ ಮಿತ್ರನ ಸ್ಥಿತಿ. 1879ರಲ್ಲಿ ಆಸ್ಟ್ರಿಯಾದೊಡನೆ ಒಪ್ಪಂದ, ಫ್ರಾನ್ಸ್ ಟ್ಯುನಿಸ್ ಹಿಡಿದದ್ದಕ್ಕೆ ಸಿಟ್ಟಾದ ಇಟಲಿ ಸೇರಿ 1882ರಲ್ಲಿ ತ್ರಿರಾಷ್ಟ್ರ ಮೈತ್ರಿ, 1887ರಲ್ಲಿ ರಷ್ಯಾದೊಡನೆ ಗುಟ್ಟಿನ ಇನ್ನೊಂದು ಒಪ್ಪಂದ. ಹೀಗೆ ನಿಲ್ಲಲಾರದ ತ್ರಿಕೋನವನ್ನು ಬಿಸ್ಮಾರ್ಕ್ ಹದಿನೇಳು ವರ್ಷ ನಿಲ್ಲಿಸಿದ. 1890ರಲ್ಲಿ ಅವನನ್ನು ಕೆಳಗಿಳಿಸಿದ ಮೇಲೆ ಜರ್ಮನಿ ರಷ್ಯಾದ ಒಪ್ಪಂದವನ್ನು ನವೀಕರಿಸಲಿಲ್ಲ.

ಮರುವರ್ಷವೇ ಫ್ರೆಂಚ್ ನೌಕಾಪಡೆ ರಷ್ಯಾದ ಕ್ರೋನ್‌ಷ್ಟಾಟ್ ಬಂದರಿಗೆ ಬಂತು. ನಿರಂಕುಶ ಪ್ರಭುವಾದ ತ್ಸಾರ್ ಮೂರನೇ ಅಲೆಕ್ಸಾಂಡರ್, ದೊರೆಗಳ ವಿರುದ್ಧ ಹುಟ್ಟಿದ ಫ್ರೆಂಚ್ ಕ್ರಾಂತಿಗೀತೆಗೆ ಎದ್ದುನಿಂತು ಗೌರವ ಸಲ್ಲಿಸಿದ. 1894ಕ್ಕೆ ಅವರ ಮೈತ್ರಿ ಪಕ್ಕಾ ಆಯಿತು. ಬ್ರಿಟನ್ನಿಗೂ ಫ್ರಾನ್ಸಿಗೂ 1898ರಲ್ಲಿ ಸುಡಾನಿನ ಫಶೋದಾದಲ್ಲಿ ಯುದ್ಧವೇ ಆಗಿಬಿಡುವಂತಿತ್ತು. ಜರ್ಮನಿಯ ನೌಕಾಬಲ ಬೆಳೆಯುತ್ತ ಹೋದಂತೆ ಬ್ರಿಟನ್ ಲೆಕ್ಕ ಬದಲಿಸಿತು. 1904ರಲ್ಲಿ ಈಜಿಪ್ಟು ನನಗೆ, ಮೊರಾಕ್ಕೊ ನಿನಗೆ ಎಂಬ ಹಂಚಿಕೆಯೊಡನೆ ಫ್ರಾನ್ಸಿನ ಜೊತೆ ರಾಜಿ. ಈಗ ಫ್ರಾನ್ಸಿಗೆ ಬ್ರಿಟನ್ನೂ ರಷ್ಯಾವೂ ಮಿತ್ರರು, ಆ ಇಬ್ಬರಿಗೆ ಮಾತ್ರ ಏಷ್ಯಾದ ತುಂಬ ಜಗಳ. 1907ರ ಆಗಸ್ಟಿನಲ್ಲಿ ಪರ್ಷಿಯಾ, ಆಫ್ಘಾನಿಸ್ತಾನ, ಟಿಬೆಟ್ಟುಗಳ ಬಗ್ಗೆ ಒಪ್ಪಂದವಾಗಿ ಅದೂ ಮುಗಿಯಿತು. ಆ ದೇಶಗಳ ಜನರನ್ನು ಯಾರೂ ಕೇಳಲಿಲ್ಲ.

ಎಲ್ಲ ಸಮತೋಲನಕ್ಕೆ ಬಂತು ಎಂದರೆ ಶಾಂತಿ ನೆಲೆಸಬೇಕಿತ್ತಲ್ಲ?

ಇಲ್ಲಿ ಬಹಳ ಜನ ಎಡವುತ್ತಾರೆ. ಈ ಲೆಕ್ಕದಲ್ಲಿ ಸಮತೋಲನ ಎಂದರೆ ಇಕ್ಕಟ್ಟು ಇಲ್ಲ ಎಂದಷ್ಟೇ ಅರ್ಥ. ಇಬ್ಬರಿಗೂ ಮಿತ್ರನಾಗಿದ್ದವನು ಇಕ್ಕಟ್ಟಿನಲ್ಲಿರುತ್ತಾನೆ, ಆದ್ದರಿಂದಲೇ ಜಗಳ ಬಿಡಿಸಲು ಓಡಾಡುತ್ತಾನೆ. ಎರಡು ಬಣ ಶುದ್ಧವಾಗಿ ಬೇರೆಯಾದ ಮೇಲೆ ಓಡಾಡುವವರೇ ಉಳಿಯುವುದಿಲ್ಲ. 1914ರ ಜುಲೈ 28ಕ್ಕೆ ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿತು. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸಿನ ಮೇಲೆ, 4ಕ್ಕೆ ಬ್ರಿಟನ್ ಜರ್ಮನಿಯ ಮೇಲೆ. ಎಲ್ಲ ಒಂದೇ ವಾರ. ಇಟಲಿ ಮಾತ್ರ ಹಿಂದೆ ನಿಂತು, 1915ರಲ್ಲಿ ಎದುರು ಬಣಕ್ಕೆ ಸೇರಿತು.

ಈ ಎಳೆ ನಮ್ಮವರೆಗೂ ಬಂತು. ಆಟೊಮನ್ ಸಾಮ್ರಾಜ್ಯ ಜರ್ಮನಿಯ ಕಡೆ ಸೇರಿದ್ದರಿಂದ 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಪಡೆಯ ಕುದುರೆ ಸವಾರರು ಜೋಧಪುರದವರೊಡನೆ ಸೇರಿ ಹೈಫಾ ಪಟ್ಟಣವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಯೋಧರು ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಪಡೆಗಳನ್ನು ನೆನಪಿಸುತ್ತಾರೆ. ಟಿಪ್ಪು ಒಮ್ಮೆ ನೆರವು ಬೇಡಿದ ಸುಲ್ತಾನರ ಸಾಮ್ರಾಜ್ಯದ ಎದುರು ಮೈಸೂರಿನವರು ಹೈದರಾಬಾದಿನವರ ಜೊತೆ ನಿಂತದ್ದು 120 ವರ್ಷಗಳಲ್ಲಿ ಆದ ಬದಲಾವಣೆ.

1971ರಲ್ಲಿ ಅಮೆರಿಕ ಪಾಕಿಸ್ತಾನದ ಪರ ನಿಂತದ್ದನ್ನು ಹೀಗೆಯೇ ಅರ್ಥಮಾಡಿಕೊಳ್ಳಬಹುದೇ?

ಹೌದು. ಇಲ್ಲದಿದ್ದರೆ ದೊಡ್ಡ ಪ್ರಜಾಪ್ರಭುತ್ವವೊಂದು ಪೂರ್ವ ಬಂಗಾಳದಲ್ಲಿ ಅಷ್ಟು ದೊಡ್ಡ ಕಗ್ಗೊಲೆ ನಡೆಯುತ್ತಿರುವಾಗ ಸೇನಾಡಳಿತದ ಬೆನ್ನಿಗೆ ನಿಂತದ್ದು ಅರ್ಥವಾಗುವುದೇ ಇಲ್ಲ.

1954ರಲ್ಲಿ ಭಾರತ ಚೀನಾದೊಡನೆ ಪಂಚಶೀಲಕ್ಕೆ ಸಹಿ ಹಾಕಿತು. ಅದೇ ವರ್ಷ ಪಾಕಿಸ್ತಾನ ಅಮೆರಿಕದೊಡನೆ ರಕ್ಷಣಾ ಒಪ್ಪಂದ ಮಾಡಿಕೊಂಡಿತು. 1962ರಲ್ಲಿ ಚೀನಾ ನಮ್ಮ ಮೇಲೆ ಬಂತು. ಐದು ತಿಂಗಳೂ ಕಳೆಯಲಿಲ್ಲ, 1963ರ ಮಾರ್ಚಿನಲ್ಲಿ ಪಾಕಿಸ್ತಾನ ಚೀನಾದೊಡನೆ ಗಡಿ ಒಪ್ಪಂದ ಮಾಡಿಕೊಂಡು ಶಕ್ಸ್‌ಗಾಂ ಕಣಿವೆಯನ್ನು ಬಿಟ್ಟುಕೊಟ್ಟಿತು. ಇನ್ನೊಂದು ಕಡೆ ಸೋವಿಯತ್ ಒಕ್ಕೂಟ ಮತ್ತು ಚೀನಾ ಬೇರೆಯಾದವು. 1969ರಲ್ಲಿ ಉಸ್ಸೂರಿ ನದಿಯ ದಡದಲ್ಲಿ ಅವರ ಸೈನಿಕರು ಗುಂಡು ಹಾರಿಸಿಕೊಂಡರು.

ಈಗ ಪಾಕಿಸ್ತಾನಕ್ಕೆ ಅಮೆರಿಕವೂ ಮಿತ್ರ, ಚೀನಾವೂ ಮಿತ್ರ. ಆ ಇಬ್ಬರು ಇಪ್ಪತ್ತು ವರ್ಷಗಳಿಂದ ರಾಜತಾಂತ್ರಿಕ ಸಂಬಂಧವೇ ಇಲ್ಲದ ವೈರಿಗಳು. ಮೇಲೆ ಹೇಳಿದ ಇಕ್ಕಟ್ಟಿನ ತ್ರಿಕೋನವೇ ಇದು. ಪಾಕಿಸ್ತಾನ ಇಬ್ಬರಲ್ಲಿ ಯಾರನ್ನೂ ಬಿಡದೆ ಸೇತುವೆಯಾಯಿತು. 1971ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್‌ರ ಸಲಹೆಗಾರ ಹೆನ್ರಿ ಕಿಸಿಂಜರ್ ಅಲ್ಲಿಂದಲೇ ಗುಟ್ಟಾಗಿ ಬೀಜಿಂಗಿಗೆ ಹಾರಿದ್ದು. ನಿಕ್ಸನ್‌ಗೆ ಚೀನಾದ ಬಾಗಿಲು ತೆರೆಯುವುದು ಮುಖ್ಯವಾಗಿತ್ತು, ಆ ಬಾಗಿಲ ಕೀಲಿ ಪಾಕಿಸ್ತಾನದ ಸೇನಾಡಳಿತಗಾರ ಯಾಹ್ಯಾ ಖಾನನ ಕೈಯಲ್ಲಿತ್ತು. ಢಾಕಾದ ಸಾವುಗಳು ಆ ಲೆಕ್ಕದಲ್ಲಿ ಬರಲಿಲ್ಲ. ಇದು ನನಗೆ ಈಗಲೂ ನೋವಿನ ವಿಷಯ. ಲೆಕ್ಕ ಅರ್ಥವಾಗುತ್ತದೆ ಎಂದ ಮಾತ್ರಕ್ಕೆ ಅದು ಕ್ಷಮೆಗೆ ಅರ್ಹವಾಗುವುದಿಲ್ಲ.

ಭಾರತದ ಎದುರು ಅಮೆರಿಕ, ಚೀನಾ, ಪಾಕಿಸ್ತಾನ ಒಂದೇ ಸಾಲಿನಲ್ಲಿ ಬರುವ ಲಕ್ಷಣ ಕಂಡ ಕೂಡಲೇ, ಆಗಸ್ಟ್ 9ರಂದು ಇಂದಿರಾ ಗಾಂಧಿಯವರ ಸರ್ಕಾರ ಸೋವಿಯತ್ ಒಕ್ಕೂಟದೊಡನೆ ಇಪ್ಪತ್ತು ವರ್ಷಗಳ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿತು. ಡಿಸೆಂಬರಿನಲ್ಲಿ ಯುದ್ಧವಾದಾಗ ಭದ್ರತಾ ಮಂಡಳಿಯಲ್ಲಿ ವೀಟೊ ಚಲಾಯಿಸಿದ್ದು ಸೋವಿಯತ್ತು, ಬಂಗಾಳ ಕೊಲ್ಲಿಯ ಕಡೆಗೆ ಎಂಟರ್‌ಪ್ರೈಸ್ ಯುದ್ಧನೌಕೆ ಕಳಿಸಿದ್ದು ಅಮೆರಿಕ. ಚೀನಾ ಗಡಿ ದಾಟಲಿಲ್ಲ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ, ಎರಡು ತಿಂಗಳ ನಂತರ ಬೀಜಿಂಗ್‌ನಲ್ಲಿ ನಿಕ್ಸನ್.

‘ಶತ್ರುವಿನ ಶತ್ರು ಮಿತ್ರ’ ಎಂಬ ಮಾತು ಯಾವಾಗಲೂ ನಿಜವೇ?

ಇಲ್ಲ. ಅದು ಶತ್ರು ಇರುವವರೆಗೆ ಮಾತ್ರ ಬಾಳುವ ಸ್ನೇಹ. 1941ರ ಜೂನ್ 22ರಂದು ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದ್ದರಿಂದ ಬ್ರಿಟನ್ ಮತ್ತು ಸ್ಟಾಲಿನ್ ಮಿತ್ರರಾದರು. 1945ರಲ್ಲಿ ಹಿಟ್ಲರ್ ಇಲ್ಲವಾದ, ಮೂರ್ನಾಲ್ಕು ವರ್ಷದಲ್ಲಿ ಯೂರೋಪ್ ಇಬ್ಭಾಗವಾಯಿತು. ಬೆಸೆಯುತ್ತಿದ್ದ ಮೂರನೆಯವನು ಹೋದ ಮೇಲೆ ಬೆಸುಗೆ ಉಳಿಯಲಿಲ್ಲ.

ಹಳೆಯ ಹಗೆ ನಿಜವಾಗಿ ಸ್ನೇಹವಾಗಬಲ್ಲದೇ?

ಫ್ರಾನ್ಸ್ ಮತ್ತು ಜರ್ಮನಿ 1870, 1914, 1939 ಹೀಗೆ ಎಪ್ಪತ್ತು ವರ್ಷದಲ್ಲಿ ಮೂರು ಸಲ ಕಾದಾಡಿದವು. 1951ರಲ್ಲಿ ಇನ್ನೂ ನಾಲ್ಕು ದೇಶಗಳೊಡನೆ ಸೇರಿ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತಕ್ಕೆ ಒಪ್ಪಿಸಿದವು, 1963ರಲ್ಲಿ ಎಲಿಸೇ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದವು. ಇಂದು ಅವುಗಳ ನಡುವೆ ಯುದ್ಧವನ್ನು ಯಾರೂ ಊಹಿಸುವುದಿಲ್ಲ. ಸೋವಿಯತ್ ಭಯ ಅವರನ್ನು ಹತ್ತಿರ ತಂದದ್ದು ನಿಜ. ಆದರೆ ಆ ಭಯ ಹೋದ ಮೇಲೂ ಸ್ನೇಹ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಕಾರ್ಖಾನೆ, ಶಾಲೆ, ಸಂಸತ್ತು, ಮಾರುಕಟ್ಟೆಗಳು ಹೆಣೆದುಕೊಂಡಿದ್ದವು. ಬ್ರಿಟನ್–ಸ್ಟಾಲಿನ್ ಸ್ನೇಹಕ್ಕೆ ಇಂಥದ್ದೇನೂ ಇರಲಿಲ್ಲ.

ಒಂದು ಹಗೆ ಆರಿಸಲು ತೆರಬೇಕಾದ ಬೆಲೆಯೂ ಇದೆ. 1979ರ ಮಾರ್ಚಿನಲ್ಲಿ ಈಜಿಪ್ಟ್ ಇಸ್ರೇಲಿನೊಡನೆ ಶಾಂತಿ ಒಪ್ಪಂದ ಮಾಡಿಕೊಂಡಾಗ ಅರಬ್ ಒಕ್ಕೂಟ ಈಜಿಪ್ಟನ್ನೇ ಅಮಾನತು ಮಾಡಿ, ಕೇಂದ್ರ ಕಚೇರಿಯನ್ನು ಕೈರೋದಿಂದ ಟ್ಯುನಿಸ್‌ಗೆ ಸಾಗಿಸಿತು. ಮತ್ತೆ ಒಳಗೆ ಸೇರಿಸಿಕೊಳ್ಳಲು ಹತ್ತು ವರ್ಷ ಬೇಕಾಯಿತು. ಒಪ್ಪಂದಕ್ಕೆ ಸಹಿ ಹಾಕಿದ ಅನ್ವರ್ ಸಾದತ್ 1981ರಲ್ಲಿ ತಮ್ಮದೇ ಸೈನಿಕರ ಗುಂಡಿಗೆ ಬಲಿಯಾದರು. ಶಾಂತಿ ಮಾತ್ರ ಈಗಲೂ ಉಳಿದಿದೆ.

ಸ್ನೇಹ, ಹಗೆಗಳನ್ನು ಅಳೆಯುವುದು ಹೇಗೆ?

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸಿಂಗರ್ 1963ರಲ್ಲಿ ಆರಂಭಿಸಿದ ಯೋಜನೆಯೊಂದು 1816ರಿಂದೀಚೆಗಿನ ಯುದ್ಧಗಳು, ಸೈನಿಕ ಘರ್ಷಣೆಗಳು, ಮೈತ್ರಿ ಒಪ್ಪಂದಗಳನ್ನು ಪಟ್ಟಿ ಮಾಡಿದೆ. ಹೆಚ್ಚಿನ ಸಂಶೋಧಕರು ಆ ಪಟ್ಟಿಯನ್ನೇ ಆಧರಿಸುತ್ತಾರೆ. ವಿಶ್ವಸಂಸ್ಥೆಯ ಮತದಾನ, ವ್ಯಾಪಾರ, ರಾಯಭಾರಿಗಳ ಬರಹೋಗು ಇವನ್ನೂ ಸೇರಿಸುವುದುಂಟು. ಯಾವುದೂ ಪರಿಪೂರ್ಣವಲ್ಲ. 1769ರ ಮದರಾಸು ಒಪ್ಪಂದವನ್ನು ಅಂಥ ಪಟ್ಟಿಗೆ ಹಾಕಿದರೆ ಮೈಸೂರು ಮತ್ತು ಕಂಪನಿ ಆ ವರ್ಷ ‘ಮಿತ್ರ’ ಎಂದೇ ದಾಖಲಾಗುತ್ತವೆ.

ಹಾಗಾದರೆ ಮುಂದೇನಾಗುತ್ತದೆಂದು ಇದರಿಂದ ಹೇಳಬಹುದೇ?

ಎಲ್ಲಿ ಒತ್ತಡವಿದೆ ಎಂದು ಹೇಳಬಹುದು. ಯಾವಾಗ ಮುರಿಯುತ್ತದೆ, ಯಾವ ಕಡೆ ಬಾಗುತ್ತದೆ ಎಂದು ಹೇಳಲಾಗದು. 1890ರಲ್ಲಿ ಜರ್ಮನಿ ರಷ್ಯಾವನ್ನು ಬಿಟ್ಟಿತು, ಆಸ್ಟ್ರಿಯಾವನ್ನು ಬಿಡಬಹುದಿತ್ತು. 1971ರಲ್ಲಿ ಪಾಕಿಸ್ತಾನ ಯಾರನ್ನೂ ಬಿಡದೆ ಇಬ್ಬರನ್ನೂ ಕೂಡಿಸಿತು. ಒಂದೇ ಆಕಾರದ ತ್ರಿಕೋನಗಳು, ಬೇರೆ ಬೇರೆ ಪರಿಣಾಮ. ಅಲ್ಲಿ ಕೆಲಸ ಮಾಡುವುದು ಮನುಷ್ಯರ ಬುದ್ಧಿ, ಹೆದರಿಕೆ, ಹಟ.

ಭಾರತಕ್ಕೆ ರಷ್ಯಾವೂ ಬೇಕು, ಅಮೆರಿಕವೂ ಬೇಕು. ಇದು ಎಷ್ಟು ದಿನ ನಡೆದೀತು?

ಇಂಥ ತ್ರಿಕೋನಗಳು ಬಹಳ ಕಾಲ ಬದುಕಬಲ್ಲವು, ಎರಡೂ ಕಡೆಯವರಿಗೆ ನಡುವಿನವನ ಅಗತ್ಯ ಇರುವವರೆಗೆ. 2008ರಲ್ಲಿ ಅಮೆರಿಕದೊಡನೆ ಅಣುಶಕ್ತಿ ಒಪ್ಪಂದ, 2018ರಲ್ಲಿ ರಷ್ಯಾದಿಂದ ಎಸ್–400 ಕ್ಷಿಪಣಿ ವ್ಯವಸ್ಥೆಯ ಖರೀದಿ. 1988ರಲ್ಲಿ ಪ್ಯಾಲೆಸ್ತೀನ್‌ಗೆ ಮಾನ್ಯತೆ, 1992ರಲ್ಲಿ ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ. ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳ ಜೊತೆ ಕ್ವಾಡ್‌ನಲ್ಲೂ ನಾವಿದ್ದೇವೆ, ಚೀನಾ, ರಷ್ಯಾ, ಪಾಕಿಸ್ತಾನಗಳಿರುವ ಶಾಂಘೈ ಸಹಕಾರ ಸಂಘಟನೆಯಲ್ಲೂ 2017ರಿಂದ ಇದ್ದೇವೆ. ಇದನ್ನು ಎರಡು ದೋಣಿಯ ಮೇಲೆ ಕಾಲಿಡುವುದು ಎಂದು ಹಳಿಯುವವರಿದ್ದಾರೆ. ಎರಡೂ ಬಣಗಳೊಡನೆ ಮಾತಿರುವ ದೇಶಗಳು ಇಲ್ಲದೆ ಹೋದಾಗ ಏನಾಯಿತೆಂದು 1914 ತೋರಿಸಿದೆ. ಆದ್ದರಿಂದ ನಾನು ಈ ನೀತಿಯ ಪರ.

ಈಗ ಗಮನಿಸಬೇಕಾದ ತ್ರಿಕೋನ ಯಾವುದು?

ಭಾರತ, ಚೀನಾ, ರಷ್ಯಾ. ರಷ್ಯಾಕ್ಕೆ ಇಬ್ಬರೂ ಬೇಕು. ಭಾರತ, ಚೀನಾಗಳ ನಡುವೆ 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಡೆದ ಘರ್ಷಣೆಯಲ್ಲಿ ನಮ್ಮ 20 ಸೈನಿಕರು ಹುತಾತ್ಮರಾದರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಚೀನಾದ ಮೇಲೆ ಹೆಚ್ಚು ಅವಲಂಬಿತವಾಗಿದೆ, ಇದು ದೆಹಲಿಗೆ ಚಿಂತೆಯ ವಿಷಯ. ಇನ್ನೊಂದು ಕಡೆ, 2024ರ ಅಕ್ಟೋಬರಿನಲ್ಲಿ ಲಡಾಖ್ ಗಡಿಯ ದೆಪ್ಸಾಂಗ್, ದೆಮ್‌ಚೋಕ್‌ಗಳ ಗಸ್ತಿನ ಬಗ್ಗೆ ಭಾರತ, ಚೀನಾ ಒಪ್ಪಂದಕ್ಕೆ ಬಂದವು. ಅದರ ಬೆನ್ನಲ್ಲೇ ಇಬ್ಬರ ನಾಯಕರು ಐದು ವರ್ಷಗಳ ನಂತರ ಮೊದಲ ಬಾರಿ ಎದುರುಬದುರು ಕೂತು ಮಾತುಕತೆ ನಡೆಸಿದರು. ಬ್ರಿಕ್ಸ್ ಸಮಾವೇಶಕ್ಕೆಂದು ಅವರು ಸೇರಿದ್ದ ಊರು ರಷ್ಯಾದ ಕಜಾನ್.